ಸ್ಕ್ರೀನ್ ಆನ್ ಮಾಡುವ ಮೊದಲು: ಟೀಚರ್ ಆದ ಮಗಳಿಗೆ ದೊಡ್ಡಪ್ಪನ ಪತ್ರ

ಪ್ರೀತಿಯ ಪುಟ್ಟಿ,

ಆಶೀರ್ವಾದಗಳು. ನಿನ್ನ ಪತ್ರ ಬಂತು. ಕ್ಲಾಸಿಗೆ ದೊಡ್ಡ ಡಿಜಿಟಲ್ ಬೋರ್ಡ್ ಬಂದಿದೆ, ಮಕ್ಕಳ ಕೈಗೆ ಟ್ಯಾಬ್ ಬಂದಿದೆ, ಎಲ್ಲ ಪಾಠದಲ್ಲೂ ಬಳಸಲೇಬೇಕು ಅಂತ ಮೇಲಿನವರ ಒತ್ತಾಯವೂ ಇದೆ. ಇದರಿಂದ ಮಕ್ಕಳು ನಿಜವಾಗಿ ಜಾಸ್ತಿ ಕಲಿಯುತ್ತಾರಾ ದೊಡ್ಡಪ್ಪ, ಅಂತ ಕೇಳಿದ್ದೀಯ. ಕೆಲಸಕ್ಕೆ ಸೇರಿದ ಮೊದಲ ವರ್ಷವೇ ನಿನಗೆ ಈ ಅನುಮಾನ ಬಂತಲ್ಲ, ಖುಷಿಯಾಯಿತು. ಎಷ್ಟೋ ಜನ ನಿವೃತ್ತಿಯಾಗುವವರೆಗೂ ಇದನ್ನು ಕೇಳಿಕೊಳ್ಳುವುದೇ ಇಲ್ಲ.

ಸುತ್ತಿ ಬಳಸಿ ಹೇಳುವುದು ಬೇಡ. ಯಾವ ಯಂತ್ರವನ್ನಾದರೂ ಕ್ಲಾಸಿಗೆ ತಾ, ನನ್ನ ತಕರಾರಿಲ್ಲ. ಆನ್ ಮಾಡುವ ಮೊದಲು ಮಾತ್ರ ಒಂದು ಪ್ರಶ್ನೆ ಕೇಳಿಕೋ: ಇದು ಆನ್ ಆದ ಮೇಲೆ ತಲೆ ಓಡಿಸುವವರು ಯಾರು? ಮಗು ಅನ್ನುವ ಉತ್ತರ ಬಂದರೆ ಮುಂದುವರಿ. ಯಂತ್ರ ಅಂತಲೋ, ನೀನೇ ಅಂತಲೋ ಉತ್ತರ ಬಂದರೆ ಅವತ್ತಿಗೆ ಸೀಮೆಸುಣ್ಣ ಸಾಕು.

ಈ ಸಡಗರ ಹೊಸದೇನಲ್ಲ. ಇನ್ನು ಕೆಲವೇ ವರ್ಷದಲ್ಲಿ ಪಠ್ಯಪುಸ್ತಕದ ಜಾಗಕ್ಕೆ ಸಿನಿಮಾ ಬರುತ್ತದೆ ಅಂತ ಥಾಮಸ್ ಎಡಿಸನ್ 1922ರಲ್ಲೇ ಭವಿಷ್ಯ ನುಡಿದಿದ್ದ. ಆಮೇಲೆ ರೇಡಿಯೋ ಬಂತು, ಟಿವಿ ಬಂತು. 1950ರ ದಶಕದಲ್ಲಿ ಮನೋವಿಜ್ಞಾನಿ ಬಿ. ಎಫ್. ಸ್ಕಿನ್ನರ್ ಕಲಿಸುವ ಯಂತ್ರವನ್ನೇ ಮಾಡಿದ. ಪ್ರತಿ ಸಲವೂ ಇನ್ನು ಮೇಷ್ಟ್ರ ಕಥೆ ಮುಗಿಯಿತು ಅನ್ನುವವರು ಇದ್ದೇ ಇದ್ದರು. 2005ರಲ್ಲಿ ಮಗುವಿಗೊಂದು ಲ್ಯಾಪ್‌ಟಾಪ್ ಕೊಡುವ ಯೋಜನೆ ದೊಡ್ಡ ಸುದ್ದಿಯಾಯಿತು. ಪೆರು ದೇಶ ಲಕ್ಷಗಟ್ಟಲೆ ಲ್ಯಾಪ್‌ಟಾಪ್ ಕೊಂಡು ಮಕ್ಕಳಿಗೆ ಹಂಚಿತು. ಅಲ್ಲಿನ 319 ಹಳ್ಳಿ ಶಾಲೆಗಳನ್ನು ಹೋಲಿಸಿ ನೋಡಿದ ಅಧ್ಯಯನ 2012ರಲ್ಲಿ ಹೊರಬಂತು. ಗಣಿತದಲ್ಲಾಗಲಿ ಭಾಷೆಯಲ್ಲಾಗಲಿ ಮಕ್ಕಳ ಅಂಕ ಹೆಚ್ಚಿದ್ದಕ್ಕೆ ಪುರಾವೆ ಸಿಗಲಿಲ್ಲ. ಕೈಗೆ ಹೊಸ ವಸ್ತು ಬಂತು, ಪಾಠ ಮಾತ್ರ ಹಳೆಯ ಜಾಡಿನಲ್ಲೇ ಸಾಗಿತು.

ಮುಂದಿನ ವಾರ ವಿದ್ಯುತ್ ಪಾಠ ಶುರು ಮಾಡುತ್ತೀಯ ಅಂತ ಬರೆದಿದ್ದೀಯಲ್ಲ, ಅದನ್ನೇ ತಗೋ. ಒಂದು ಬ್ಯಾಟರಿ, ಒಂದೇ ಥರದ ಎರಡು ಬಲ್ಬು, ಒಂದರ ಹಿಂದೆ ಒಂದು. ಸ್ವಿಚ್ ಹಾಕುವ ಮೊದಲೇ ಕೇಳು: ಯಾವ ಬಲ್ಬು ಜಾಸ್ತಿ ಬೆಳಗುತ್ತದೆ? ಬಹಳ ಮಕ್ಕಳು ಮೊದಲನೆಯದು ಅನ್ನುತ್ತಾರೆ. ಮೊದಲ ಬಲ್ಬು ಒಂದಿಷ್ಟು ಕರೆಂಟು ತಿಂದುಬಿಡುತ್ತದೆ, ಮಿಕ್ಕಿದ್ದು ಎರಡನೆಯದಕ್ಕೆ ಸಿಗುತ್ತದೆ ಅನ್ನುವುದು ಅವರ ಲೆಕ್ಕ. ಇದು ನಿನ್ನ ಕ್ಲಾಸಿನ ದಡ್ಡತನ ಅಂದುಕೊಳ್ಳಬೇಡ. ಬೇರೆ ಬೇರೆ ದೇಶಗಳಲ್ಲಿ ಮಕ್ಕಳನ್ನು ಕೇಳಿ ನೋಡಿದವರಿಗೂ ಇದೇ ಉತ್ತರ ಸಿಕ್ಕಿದೆ. ಮಕ್ಕಳ ತಲೆಯಲ್ಲಿ ಈ ಲೆಕ್ಕ ಕೂತಿದೆ ಅಂತ ತಿಳಿಯದೆ ನೀನು ಎಷ್ಟು ಸೂತ್ರ ಬರೆಸಿದರೂ, ಪರೀಕ್ಷೆಗೆ ಸೂತ್ರ ಬರೆಯುತ್ತಾರೆ, ಮನಸ್ಸಿನಲ್ಲಿ ಹಳೆಯ ಲೆಕ್ಕವನ್ನೇ ಇಟ್ಟುಕೊಳ್ಳುತ್ತಾರೆ.

ಟ್ಯಾಬ್ ಉಪಯೋಗಕ್ಕೆ ಬರುವುದು ಇಂಥ ಕಡೆ. ಕೈ ಎತ್ತಿ ಅಂದರೆ ಯಾವಾಗಲೂ ಅದೇ ನಾಲ್ಕು ಕೈ ಮೇಲೇಳುತ್ತವೆ. ಟ್ಯಾಬಿನಲ್ಲಾದರೆ ಹಿಂದಿನ ಬೆಂಚಿನಲ್ಲಿ ಬಾಯಿ ಬಿಡದೆ ಕೂತವನೂ ಒಂದು ಉತ್ತರ ಒತ್ತಲೇಬೇಕು. ಎಷ್ಟು ಜನ ಎಲ್ಲಿ ಎಡವಿದ್ದಾರೆ ಅಂತ ನಿನಗೆ ಒಂದೇ ನೋಟಕ್ಕೆ ಗೊತ್ತಾಗುತ್ತದೆ. ಆದರೆ ಸರಿ ಉತ್ತರ ಆಗಲೇ ತೋರಿಸಬೇಡ. ಪಕ್ಕದವರ ಜೊತೆ ವಾದ ಮಾಡಲು ಬಿಡು. ಆಮೇಲೆ ಇನ್ನೊಂದು ಸಲ ಒತ್ತಿಸು. ಹಾರ್ವರ್ಡ್‌ನಲ್ಲಿ ಭೌತಶಾಸ್ತ್ರ ಕಲಿಸುವ ಎರಿಕ್ ಮಜೂರ್ 1990ರ ದಶಕದ ಶುರುವಿನಿಂದಲೇ ಹೀಗೆ ಪಾಠ ಮಾಡಿ ಈ ವಿಧಾನಕ್ಕೆ ಹೆಸರು ತಂದರು. ಈಗಷ್ಟೇ ಅರ್ಥ ಮಾಡಿಕೊಂಡ ಹುಡುಗನಿಗೆ ಎಲ್ಲಿ ಕಾಲು ಜಾರುತ್ತದೆ ಅನ್ನುವ ನೆನಪು ಹಸಿಯಾಗಿರುತ್ತದೆ, ಪ್ರಾಧ್ಯಾಪಕನಿಗೆ ಅದು ಮರೆತೇ ಹೋಗಿರುತ್ತದೆ ಅನ್ನುವುದು ಅವರ ವಾದ.

ಇದರಲ್ಲಿ ಇನ್ನೊಂದು ತಮಾಷೆ ಇದೆ. ಮಕ್ಕಳು ಗುಂಡಿ ಒತ್ತಿ ಉತ್ತರ ಹೇಳುವ ಕ್ಲಿಕ್ಕರ್ ಯಂತ್ರ ಕೊಟ್ಟಾಗಲೂ, ಬರೀ ರಟ್ಟಿನ ಕಾರ್ಡು ಎತ್ತಿ ತೋರಿಸಿ ಅಂದಾಗಲೂ ಕಲಿಕೆ ಹೆಚ್ಚುಕಮ್ಮಿ ಒಂದೇ ಇತ್ತು ಅಂತ ಕೆನಡಾದ ಒಂದು ಕಾಲೇಜಿನಲ್ಲಿ ನಡೆಸಿದ ಅಧ್ಯಯನ 2008ರಲ್ಲಿ ಹೇಳಿತು. ಕೆಲಸ ಮಾಡಿದ್ದು ಪ್ರಶ್ನೆ ಮತ್ತು ವಾದ. ಹಾಗಾಗಿ ನೆಟ್ ಕೈಕೊಟ್ಟ ದಿನ ಗಾಬರಿಯಾಗಬೇಡ. ಮೇಜಿನ ಖಾನೆಯಲ್ಲಿ ಎ, ಬಿ, ಸಿ, ಡಿ ಬರೆದ ಕಾರ್ಡುಗಳ ಒಂದು ಕಟ್ಟು ಇಟ್ಟಿರು.

ಬಲ್ಬಿಗೆ ವಾಪಸ್ ಬರೋಣ. ವಾದ ಮುಗಿದ ಮೇಲೆ ನಿಜವಾದ ಬಲ್ಬುಗಳನ್ನೇ ಹಚ್ಚು. ಎರಡೂ ಒಂದೇ ಸಮ ಬೆಳಗುತ್ತವೆ. ಹಿಂದಿನ ದಿನವೇ ಆ ಎರಡನ್ನು ಅದಲು ಬದಲು ಮಾಡಿ ನೋಡಿಕೊಂಡಿರು ಮಾತ್ರ. ಒಂದೇ ಡಬ್ಬಿಯ ಬಲ್ಬುಗಳಲ್ಲೂ ಸ್ವಲ್ಪ ವ್ಯತ್ಯಾಸ ಇರುತ್ತದೆ, ಮಕ್ಕಳ ಕಣ್ಣು ಅದನ್ನು ಬಿಡುವುದಿಲ್ಲ. ಕ್ಲಾಸಿನಲ್ಲಿ ಗದ್ದಲ ಏಳುತ್ತದೆ, ಏಳಲಿ. ಈಗ ಸಿಮ್ಯುಲೇಶನ್, ಅಂದರೆ ಸ್ಕ್ರೀನಿನ ಮೇಲೆಯೇ ಮಾಡಿ ನೋಡುವ ಪ್ರಯೋಗ, ತೆರೆ. 2001ರಲ್ಲಿ ನೊಬೆಲ್ ಪಡೆದ ಭೌತವಿಜ್ಞಾನಿ ಕಾರ್ಲ್ ವೀಮನ್ ಮರುವರ್ಷ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಶುರು ಮಾಡಿದ ಫೆಟ್ ಅನ್ನುವ ಸಂಗ್ರಹ ಇದೆ, ಪುಕ್ಕಟೆ. ಅದರಲ್ಲಿ ಇದೇ ಸರ್ಕಿಟ್ ಕಟ್ಟಬಹುದು. ತಂತಿಯೊಳಗೆ ಎಲೆಕ್ಟ್ರಾನುಗಳು ಸಾಗುವುದನ್ನು ಚಿತ್ರದಲ್ಲಿ ನೋಡಬಹುದು. ಮೊದಲ ಬಲ್ಬಿನ ಹಿಂದೆ ಎಷ್ಟು ವೇಗವೋ ಎರಡನೆಯದರ ಮುಂದೆಯೂ ಅಷ್ಟೇ. ಕರೆಂಟು ಎಲ್ಲೂ ಖರ್ಚಾಗುತ್ತಿಲ್ಲ ಅನ್ನುವುದು ಕಣ್ಣಿಗೆ ಕಾಣುತ್ತದೆ. ಇದನ್ನು ನಾನು ನನ್ನ ಕಾಲದಲ್ಲಿ ಎಷ್ಟು ಸೀಮೆಸುಣ್ಣ ಸವೆಸಿದರೂ ತೋರಿಸಲು ಆಗುತ್ತಿರಲಿಲ್ಲ, ಒಪ್ಪುತ್ತೇನೆ.

ಈ ಕ್ರಮ ಮಾತ್ರ ಕೆಡಿಸಬೇಡ. ಮೊದಲು ಊಹೆ, ಆಮೇಲೆ ನಿಜವಾದ ವಸ್ತು, ಕೊನೆಗೆ ಸ್ಕ್ರೀನ್. ಸ್ಕ್ರೀನೇ ಮೊದಲು ಬಂದರೆ ಮಕ್ಕಳು "ವಾವ್" ಅನ್ನುತ್ತಾರೆ, ಅಲ್ಲಿಗೆ ಮುಗಿಯಿತು. ಸಿಮ್ಯುಲೇಶನ್‌ನಲ್ಲಿ ಯಾವ ತಂತಿಯೂ ಸಡಿಲವಾಗಿರುವುದಿಲ್ಲ, ಯಾವ ಬ್ಯಾಟರಿಯೂ ತಾನಾಗಿ ಸುಸ್ತಾಗುವುದಿಲ್ಲ. ಎಲೆಕ್ಟ್ರಾನು ಅಂದರೆ ನೀಲಿ ಗೋಲಿ ಅಂತ ನಂಬಿಕೊಂಡು ಮನೆಗೆ ಹೋಗುವ ಮಗುವೂ ಇರುತ್ತದೆ. ಅದು ಬರೀ ಚಿತ್ರ ಅಂತ ಬಾಯಿಬಿಟ್ಟು ಹೇಳು.

ಇನ್ನು ಆ ಕ್ವಿಜ್ ಆಪ್‌ಗಳು. ಸಂಗೀತ, ಓಡುವ ಗಡಿಯಾರ, ಬೇಗ ಒತ್ತಿದವರಿಗೆ ಜಾಸ್ತಿ ಪಾಯಿಂಟು. ಮಕ್ಕಳಿಗೆ ಇಷ್ಟ, ನನಗೆ ಅಷ್ಟಕ್ಕಷ್ಟೆ. 1970ರ ದಶಕದಲ್ಲಿ ಮೇರಿ ಬಡ್ ರೋವ್ ಎಂಬ ಸಂಶೋಧಕಿ ತರಗತಿಗಳ ಧ್ವನಿಮುದ್ರಣ ಕೇಳಿ ಕೇಳಿ ಒಂದು ವಿಷಯ ಕಂಡುಹಿಡಿದರು. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಉತ್ತರಕ್ಕೆ ಕಾಯುವುದು ಸರಾಸರಿ 1 ಸೆಕೆಂಡು. ಅದನ್ನು 3 ಸೆಕೆಂಡಿಗೆ ಏರಿಸಿದರೆ ಸಾಕು, ಉತ್ತರಗಳು ಉದ್ದವಾಗುತ್ತವೆ, ಸುಮ್ಮನಿರುತ್ತಿದ್ದ ಮಕ್ಕಳೂ ಮಾತಾಡುತ್ತಾರೆ, ತಿರುಗಿ ಪ್ರಶ್ನೆ ಕೇಳುತ್ತಾರೆ. ಅಷ್ಟು ಕಷ್ಟಪಟ್ಟು ಗಳಿಸಿದ ಆ ಸೆಕೆಂಡುಗಳನ್ನು ಟೈಮರ್ ಇಟ್ಟು ಕಸಿದುಕೊಳ್ಳುವುದು ಯಾವ ನ್ಯಾಯ? ಟೈಮರ್ ಆಫ್ ಮಾಡುವ ಆಯ್ಕೆ ಇದ್ದರೆ ಮಾಡು.

ಆದರೆ ಕ್ವಿಜ್ ಬಿಟ್ಟೇಬಿಡು ಅನ್ನುತ್ತಿಲ್ಲ. ಓದಿದ್ದನ್ನೇ ಮತ್ತೆ ಮತ್ತೆ ಓದುವುದಕ್ಕಿಂತ, ಪುಸ್ತಕ ಮುಚ್ಚಿ ನೆನಪಿಸಿಕೊಂಡು ಬರೆದರೆ ವಾರದ ನಂತರವೂ ಜಾಸ್ತಿ ಉಳಿಯುತ್ತದೆ ಅಂತ ರೋಡಿಗರ್, ಕಾರ್ಪಿಕ್ ಎಂಬ ಇಬ್ಬರು 2006ರಲ್ಲಿ ಚೆನ್ನಾಗಿ ತೋರಿಸಿದ್ದಾರೆ. ಐದು ನಿಮಿಷದ ನಂತರ ಪರೀಕ್ಷಿಸಿದಾಗ ಮರುಓದಿದವರೇ ಮುಂದಿದ್ದರು, ಇದನ್ನೂ ಗಮನಿಸು. ಅದಕ್ಕೇ ಮಕ್ಕಳಿಗೆ ಮರುಓದು ಹಿತ ಅನಿಸುವುದು. ಹೋದ ವಾರದ, ಹೋದ ತಿಂಗಳ ಪಾಠದಿಂದ ನಾಲ್ಕು ಪ್ರಶ್ನೆ ದಿನಾ ಬೆಳಿಗ್ಗೆ ಹಾಕು. ಯಾರು ಯಾವುದನ್ನು ಮರೆತಿದ್ದಾರೆ ಅಂತ ಲೆಕ್ಕ ಇಡುವ ಕೆಲಸ ಯಂತ್ರಕ್ಕೆ ಬಿಡು. ನಮಗೆ ಆ ಲೆಕ್ಕ ಇಡಲು ಆಗುತ್ತಲೇ ಇರಲಿಲ್ಲ.

ಸ್ಲೈಡಿನ ಬಗ್ಗೆ ಒಂದೇ ಮಾತು. ಬೋರ್ಡಿನ ಮೇಲೆ ಕೈಯಲ್ಲಿ ಬರೆಯುವಾಗ ನಿನ್ನ ವೇಗಕ್ಕೆ ತಾನಾಗಿ ಕಡಿವಾಣ ಬೀಳುತ್ತದೆ. ಒಂದೊಂದು ಸಾಲು ಹುಟ್ಟುವುದನ್ನು ಮಗು ನೋಡುತ್ತದೆ. ಸ್ಲೈಡಿನಲ್ಲಿ ಇಡೀ ಲೆಕ್ಕ ಒಮ್ಮೆಗೇ ಬಂದು ಬೀಳುತ್ತದೆ. ಲೆಕ್ಕ ಬಿಡಿಸುವಾಗ ಆ ಡಿಜಿಟಲ್ ಬೋರ್ಡಿನ ಮೇಲೂ ಪೆನ್ನಿನಲ್ಲೇ ಬರೆ. ರೆಡಿ ಸ್ಲೈಡು ಚಿತ್ರಕ್ಕೆ, ನಕ್ಷೆಗೆ ಇರಲಿ.

ನೋಟ್ಸ್ ಕೈಬರಹದಲ್ಲೋ ಟೈಪಿಂಗೋ ಅಂತ ಕೇಳಿದ್ದೀಯ. 2014ರಲ್ಲಿ ಒಂದು ಪ್ರಸಿದ್ಧ ಪ್ರಯೋಗ ಕೈಬರಹದ ಪರ ತೀರ್ಪು ಕೊಟ್ಟಿತ್ತು. ಟೈಪ್ ಮಾಡುವವರು ಕೇಳಿದ್ದನ್ನು ಹಾಗೇ ಇಳಿಸುತ್ತಾರೆ, ಕೈಯಲ್ಲಿ ಬರೆಯುವವರು ಆರಿಸಿಕೊಂಡು ಬರೆಯಬೇಕಾಗುತ್ತದೆ ಅಂತ. ಆಮೇಲೆ ಅದೇ ಪ್ರಯೋಗ ಮತ್ತೆ ಮಾಡಿದಾಗ ಅಷ್ಟು ದೊಡ್ಡ ವ್ಯತ್ಯಾಸ ಸಿಗಲಿಲ್ಲ. ಅದಕ್ಕೇ ಇದನ್ನು ವೇದವಾಕ್ಯ ಮಾಡಿಕೊಳ್ಳಬೇಡ. ಆದರೆ ತೆರೆದ ಸ್ಕ್ರೀನಿನ ಇನ್ನೊಂದು ಕಾಟ ನಿಜ. ಕ್ಲಾಸಿನಲ್ಲಿ ಒಬ್ಬ ಬೇರೇನೋ ನೋಡುತ್ತಾ ಕೂತರೆ ಅವನಿಗಷ್ಟೇ ನಷ್ಟವಲ್ಲ, ಅವನ ಸ್ಕ್ರೀನು ಕಾಣುವಂತೆ ಕೂತವರ ಅಂಕವೂ ಇಳಿಯುತ್ತದೆ ಅಂತ 2013ರ ಕೆನಡಾದ ಪ್ರಯೋಗ ತೋರಿಸಿತು. ಟ್ಯಾಬ್ ಕೆಲಸ ಮುಗಿದ ಕೂಡಲೇ "ಮುಚ್ಚಿ, ಬದಿಗಿಡಿ" ಅನ್ನುವ ಅಭ್ಯಾಸ ಮೊದಲ ದಿನದಿಂದಲೇ ಮಾಡಿಸು. ಅರ್ಧ ವರ್ಷ ಕಳೆದ ಮೇಲೆ ಹೇಳಿದರೆ ಯಾರೂ ಕೇಳುವುದಿಲ್ಲ.

ಈಗ ನಿನ್ನ ನಿದ್ದೆ ಕೆಡಿಸಿರುವ ವಿಷಯಕ್ಕೆ ಬರುತ್ತೇನೆ. ಮಕ್ಕಳು ಹೋಮ್‌ವರ್ಕನ್ನು ಎಐಗೆ ಬರೆಯಲು ಕೊಡುತ್ತಾರೆ. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದಾಗಿನಿಂದ ಪ್ರಪಂಚದ ಎಲ್ಲ ಟೀಚರುಗಳ ತಲೆನೋವು ಇದು. ಟರ್ಕಿಯ ಒಂದು ಹೈಸ್ಕೂಲಿನಲ್ಲಿ ಸುಮಾರು ಸಾವಿರ ಮಕ್ಕಳ ಮೇಲೆ ನಡೆದ ಗಣಿತದ ಪ್ರಯೋಗವನ್ನು ನೀನು ತಿಳಿದಿರಬೇಕು. ಕೇಳಿದ್ದಕ್ಕೆಲ್ಲ ಉತ್ತರ ಕೊಡುವ ಎಐ ಸಿಕ್ಕ ಮಕ್ಕಳು ಅಭ್ಯಾಸದ ಲೆಕ್ಕಗಳಲ್ಲಿ ಉಳಿದವರಿಗಿಂತ 48% ಮುಂದಿದ್ದರು. ಆಮೇಲೆ ಎಐ ತೆಗೆದು ಪರೀಕ್ಷೆ ಕೊಟ್ಟರು. ಅದೇ ಮಕ್ಕಳು, ಎಐ ಮುಟ್ಟದೇ ಇದ್ದವರಿಗಿಂತ 17% ಹಿಂದೆ ಬಿದ್ದರು. ಮೂರನೆಯ ಗುಂಪಿಗೆ ಪೂರ್ತಿ ಉತ್ತರ ಹೇಳದೆ ಸುಳಿವಷ್ಟೇ ಕೊಡುವ ಎಐ ಕೊಟ್ಟಿದ್ದರು. ಅವರಿಗೆ ಈ ಪೆಟ್ಟು ಹೆಚ್ಚುಕಮ್ಮಿ ಬೀಳಲೇ ಇಲ್ಲ. ತಲೆ ಓಡಿಸಿದ್ದು ಯಾರು ಅಂತ ನಾನು ಮೊದಲೇ ಕೇಳಿದ್ದು ಇದಕ್ಕೇ.

ಕದ್ದವರನ್ನು ಹಿಡಿಯುವ ಸಾಫ್ಟ್‌ವೇರ್ ಇದೆ, ಹಾಕೋಣವೇ ಅಂತ ನಿನ್ನ ಸಹೋದ್ಯೋಗಿಗಳು ಕೇಳುತ್ತಿದ್ದಾರಂತೆ. ಬೇಡ. ಚಾಟ್‌ಜಿಪಿಟಿ ಮಾಡಿದ ಕಂಪನಿಯೇ ಅಂಥದ್ದೊಂದನ್ನು 2023ರ ಜನವರಿಯಲ್ಲಿ ತಂದು, ಸರಿಯಾಗಿ ಪತ್ತೆ ಮಾಡುತ್ತಿಲ್ಲ ಅಂತ ಜುಲೈನಲ್ಲಿ ತೆಗೆದುಹಾಕಿತು. ಇಂಗ್ಲಿಷ್ ಮಾತೃಭಾಷೆ ಅಲ್ಲದವರು ಸ್ವಂತವಾಗಿ ಬರೆದ ಪ್ರಬಂಧಗಳನ್ನೂ ಇಂಥ ಸಾಫ್ಟ್‌ವೇರ್‌ಗಳು ಯಂತ್ರದ್ದು ಅಂತ ತಪ್ಪಾಗಿ ಹೇಳಿದ್ದು ಅದೇ ವರ್ಷ ಬಯಲಾಯಿತು. ಯಾವುದೋ ಶೇಕಡಾವಾರು ನಂಬಿ ಒಂದು ಮಗುವನ್ನು ಕಳ್ಳ ಅನ್ನಬೇಡ. ಆ ಮಾತು ಮಗುವಿನ ಮನಸ್ಸಿನಿಂದ ಹೋಗುವುದಿಲ್ಲ. ಅನುಮಾನ ಬಂದರೆ ಪಕ್ಕ ಕೂರಿಸಿಕೊಂಡು "ಈ ಮೂರನೇ ಸಾಲು ಹೇಗೆ ಬಂತು, ಹೇಳು ನೋಡೋಣ" ಅನ್ನು. ಸ್ವಂತ ಮಾಡಿದ ಮಗು ತಡವರಿಸಿದರೂ ಹೇಳುತ್ತದೆ. ಮೊದಲ ಕರಡನ್ನು ಕ್ಲಾಸಿನಲ್ಲೇ, ಕಾಗದದ ಮೇಲೆ ಬರೆಸು. ಎರಡನೆಯ ಹಂತಕ್ಕೆ ಎಐ ಬರಲಿ, ಅದು ಕೊಟ್ಟ ಸಲಹೆಯಲ್ಲಿ ಯಾವುದನ್ನು ಒಪ್ಪಿದೆ, ಯಾವುದನ್ನು ಬಿಟ್ಟೆ, ಯಾಕೆ ಅಂತ ಮಗು ಬರೆಯಲಿ. ಎಐ ತಪ್ಪು ಹೇಳುವುದೂ ಉಂಟು. ಆ ತಪ್ಪು ಹುಡುಕುವುದನ್ನೇ ಒಂದು ಪಾಠ ಮಾಡಬಹುದು.

ನಿನ್ನ ಕ್ಲಾಸಿನಲ್ಲಿ ಕಣ್ಣು ಮಂದ ಇರುವ ಹುಡುಗಿಯೊಬ್ಬಳು ಇದ್ದಾಳೆ ಅಂದೆಯಲ್ಲ, ಅವಳ ವಿಷಯದಲ್ಲಿ ನನ್ನ ಎಚ್ಚರಿಕೆಗಳನ್ನೆಲ್ಲ ಪಕ್ಕಕ್ಕಿಡು. ಅಕ್ಷರ ದೊಡ್ಡದು ಮಾಡುವ, ಪುಟ ಓದಿ ಹೇಳುವ ಸೌಲಭ್ಯ ಅವಳಿಗೆ ಪುಸ್ತಕದಷ್ಟೇ ಅಗತ್ಯ. ಎನ್‌ವಿಡಿಎ ಅನ್ನುವ ಪುಕ್ಕಟೆ ಸ್ಕ್ರೀನ್ ರೀಡರ್ ಇದೆ. ಅದನ್ನು 2006ರಲ್ಲಿ ಶುರು ಮಾಡಿದ ಮೈಕೆಲ್ ಕರನ್‌ಗೆ ತಾನೇ ಕಣ್ಣು ಕಾಣುವುದಿಲ್ಲ. ಅದನ್ನು ಹಾಕಿಸಿಕೊಡು, ಹೆಡ್‌ಫೋನ್ ಸಮೇತ. ನಿನ್ನ ನೋಟ್ಸನ್ನು ಫೋಟೋ ತೆಗೆದು ಕಳಿಸಬೇಡ, ಟೈಪ್ ಮಾಡಿ ಕಳಿಸು. ಫೋಟೋದೊಳಗಿನ ಅಕ್ಷರ ಅದಕ್ಕೆ ಸಲೀಸಾಗಿ ಓದಲು ಬರುವುದಿಲ್ಲ.

ಮನೆಯಲ್ಲಿ ಇಡೀ ಕುಟುಂಬಕ್ಕೆ ಒಂದೇ ಫೋನ್ ಇರುವ ಮಕ್ಕಳಿರುತ್ತಾರೆ, ನೆಟ್ ಬೇಕೇ ಬೇಕು ಅನ್ನುವ ಹೋಮ್‌ವರ್ಕ್ ಕೊಡಬೇಡ. ಪುಕ್ಕಟೆ ಸಿಕ್ಕಿತು ಅಂತ ಸಿಕ್ಕ ಸಿಕ್ಕ ಆಪ್‌ಗೆ ಮಕ್ಕಳ ಹೆಸರು, ಹುಟ್ಟಿದ ದಿನ ತುಂಬಬೇಡ. ಹ್ಯೂಮನ್ ರೈಟ್ಸ್ ವಾಚ್ ಎಂಬ ಮಾನವ ಹಕ್ಕುಗಳ ಸಂಸ್ಥೆ 2022ರಲ್ಲಿ 49 ದೇಶಗಳ ಕಲಿಕಾ ಆಪ್‌ಗಳನ್ನು ಜಾಲಾಡಿದಾಗ, ಬಹುಪಾಲು ಆಪ್‌ಗಳು ಮಕ್ಕಳ ಮಾಹಿತಿಯನ್ನು ಅಪಾಯಕ್ಕೆ ಒಡ್ಡುತ್ತಿದ್ದವು. ನಿಜವಾದ ಹೆಸರಿನ ಬದಲು ಬೇರೊಂದು ಹೆಸರು ಇಟ್ಟು ಲಾಗಿನ್ ಮಾಡಿಸಿದರೆ ನಡೆಯುತ್ತದೆ.

ಮುಖ್ಯೋಪಾಧ್ಯಾಯರಿಗೆ ಏನು ಹೇಳಲಿ ಅಂದೆ. ಅವರ ಜೊತೆ ವಾದಕ್ಕೆ ಇಳಿಯಬೇಡ, ಅವರ ಮೇಲೂ ಒತ್ತಡ ಇರುತ್ತದೆ. ಬಲ್ಬಿನ ಪಾಠದ ದಿನ ಬಂದು ಕೂರಲು ಕರೆ. ಮೊದಲ ಸಲ ಎಷ್ಟು ಮಕ್ಕಳು ತಪ್ಪು ಒತ್ತಿದರು, ವಾದ ಆದ ಮೇಲೆ ಎಷ್ಟು, ಅವರೇ ನೋಡಲಿ. ಮುಂದಿನ ವರ್ಷ ಹೊಸದೇನಾದರೂ ಕೊಳ್ಳುವ ಮಾತು ಬಂದರೆ, ಇರುವುದನ್ನು ರಿಪೇರಿ ಮಾಡಲು ಒಬ್ಬರು ಬೇಕು, ನೀವೆಲ್ಲ ಒಟ್ಟಿಗೆ ಕೂತು ಪಾಠ ತಯಾರಿಸಲು ವಾರಕ್ಕೊಂದು ಪೀರಿಯಡ್ ಬಿಡುವು ಬೇಕು ಅಂತ ಕೇಳು. ಬರವಣಿಗೆಯಲ್ಲಿ ಕೇಳು. ಬಾಯಿಮಾತಿನಲ್ಲಿ ಕೇಳಿದ್ದು ಮರುದಿನ ಯಾರಿಗೂ ನೆನಪಿರುವುದಿಲ್ಲ.

ಇಂತಿ ನಿನ್ನ ಪ್ರೀತಿಯ,
ದೊಡ್ಡಪ್ಪ