‘ಕಸದಿಂದ ರಸ’ಕ್ಕೆ ಅಂಗಡಿಯ ಪಟ್ಟಿ ಏಕೆ?

ಮಾನ್ಯ ಸಂಪಾದಕರೇ,

ಕಳೆದ ತಿಂಗಳು ನನ್ನ ಮೊಮ್ಮಗಳು ಶಾಲೆಯಿಂದ ಬಂದವಳೇ ಪಾಟೀಚೀಲದಿಂದ ಒಂದು ಚೀಟಿ ತೆಗೆದು ನನ್ನ ಕೈಗಿಟ್ಟಳು. ಶಾಲೆಯಲ್ಲಿ ‘ಕಸದಿಂದ ರಸ’ ಸ್ಪರ್ಧೆ ಇದೆ, ಗೋಡೆಗೆ ತೂಗುಹಾಕುವ ವಾಲ್ ಹ್ಯಾಂಗಿಂಗ್ ಮಾಡಿಕೊಂಡು ಹೋಗಬೇಕು, ತರಬೇಕಾದ ಸಾಮಾನೆಲ್ಲ ಇದರಲ್ಲಿದೆ ಅಜ್ಜಿ, ಎಂದಳು. ಥರ್ಮಾಕೋಲ್ ಎರಡು, ಗ್ಲಿಟರ್ ಶೀಟ್ ಆರು, ಗ್ಲೂ ಗನ್ನಿಗೆ ಹಾಕುವ ಕಡ್ಡಿಗಳು, ಅಕ್ರಿಲಿಕ್ ಬಣ್ಣದ ಒಂದು ಪೆಟ್ಟಿಗೆ, ಅಂಟಿಸುವ ಕನ್ನಡಿಯ ಒಂದು ಪೊಟ್ಟಣ, ಕೊನೆಯಲ್ಲಿ ಒಂದು ಹಳೆಯ ಸಿಡಿ. ಪೇಟೆಯಲ್ಲಿ ವಿಚಾರಿಸಿದಾಗ ಎಲ್ಲ ಸೇರಿ ಹತ್ತಿರ ಹತ್ತಿರ 400 ರೂಪಾಯಿ ಆಗುತ್ತದೆ ಎಂದರು. ಅದೇ ತರಗತಿಯಲ್ಲಿ ತೋಟದ ಕೂಲಿಗೆ ಹೋಗುವವರ ಮಕ್ಕಳೂ ಇದ್ದಾರೆ. ಅವರ ಮನೆಯಲ್ಲಿ ಈ ಚೀಟಿಯನ್ನು ಓದಿ ಹೇಳಿದಾಗ ತಾಯಿಯ ಮುಖ ಹೇಗಾಗಿರಬಹುದು ಎಂಬ ಯೋಚನೆಯಲ್ಲಿ ಅಂದು ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ನಾನು ಸಾಗರ ಮತ್ತು ಸೊರಬ ತಾಲ್ಲೂಕುಗಳ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಮೂವತ್ತೊಂದು ವರ್ಷ ಪಾಠ ಮಾಡಿ ನಿವೃತ್ತಳಾದವಳು. ಶಿಕ್ಷಕರ ಮೇಲಿನ ಹೊರೆ ಎಷ್ಟೆಂಬುದನ್ನು ಬಲ್ಲೆನಾದ್ದರಿಂದ ಅವರನ್ನು ದೂರುವುದಕ್ಕಾಗಿ ಈ ಪತ್ರ ಬರೆಯುತ್ತಿಲ್ಲ. ಒಂದು ಶಾಲೆಯಲ್ಲಿ ಬರೆದ ಪಟ್ಟಿ ಮೊಬೈಲಿನಲ್ಲಿ ಹತ್ತು ಶಾಲೆಗಳಿಗೆ ಹೋಗುತ್ತದೆ, ಹಾಗೆಯೇ ಇದೂ ಬಂದಿರುತ್ತದೆ. ಆದರೆ ಮನೆಯಲ್ಲಿ ಬಿದ್ದಿರುವ ವಸ್ತುವಿನಿಂದ ಒಂದು ಚೆಂದದ ವಸ್ತುವನ್ನು ಮಾಡುವುದು ಈ ಸ್ಪರ್ಧೆಯ ಉದ್ದೇಶವಾಗಿರುವಾಗ, ಕೊಂಡು ತಂದ ಸಾಮಾನಿಗೆ ಕಸದ ಹೆಸರಿಟ್ಟು ಮಕ್ಕಳಿಗೆ ಅಂಕ ಕೊಡುವುದು ತಪ್ಪು ಎಂಬುದನ್ನು ತಮ್ಮ ಪತ್ರಿಕೆಯ ಮೂಲಕ ಶಾಲೆಗಳಿಗೂ ಪಾಲಕರಿಗೂ ತಿಳಿಸಬೇಕೆನಿಸಿತು.

ಪಟ್ಟಿಯ ಮೊದಲ ವಸ್ತುವನ್ನೇ ನೋಡಿ. ದೇಶದಾದ್ಯಂತ 2022ರ ಜುಲೈ 1ರಿಂದ ನಿಷೇಧಿಸಲಾದ ಏಕಬಳಕೆ ಪ್ಲಾಸ್ಟಿಕ್ ವಸ್ತುಗಳಲ್ಲಿ ಅಲಂಕಾರದ ಥರ್ಮಾಕೋಲ್ ಕೂಡ ಸೇರಿದೆ. ಗ್ಲಿಟರ್ ಶೀಟಿನ ಪಾಡು ಇನ್ನೊಂದು ಬಗೆಯದು. ನಮ್ಮ ಪಂಚಾಯಿತಿಯ ಸ್ವಚ್ಛವಾಹಿನಿ ಗಾಡಿ ಓಡಿಸುವ ಅಕ್ಕನನ್ನು ಕೇಳಿದೆ. ಕಾಗದವಾದರೆ ಕಾಗದದ ಜೊತೆ, ಪ್ಲಾಸ್ಟಿಕ್ ಆದರೆ ಪ್ಲಾಸ್ಟಿಕ್ ಜೊತೆ ಹಾಕಬಹುದು, ಆದರೆ ಎರಡನ್ನೂ ಸೇರಿಸಿ ಅಂಟು ಹಾಕಿ ಮೇಲೆ ಮಿಂಚು ಉದುರಿಸಿ ಕೊಟ್ಟರೆ ಅದನ್ನು ಯಾವ ಚೀಲಕ್ಕೂ ಹಾಕಲು ಬರುವುದಿಲ್ಲ ಟೀಚರ್, ಎಂದಳು. ವರ್ಷ ಕಳೆದ ಮೇಲೆ ಶಾಲೆಯ ಗೋಡೆಯಿಂದ ಇಳಿಯುವ ಅಲಂಕಾರವೆಲ್ಲ ಹಿತ್ತಲಿನಲ್ಲಿ ಬೆಂಕಿಗೆ ಬೀಳುವುದನ್ನು ನಾನೇ ಕಂಡಿದ್ದೇನೆ, ಆ ಹೊಗೆಯನ್ನು ಕುಡಿಯುವವರು ಮತ್ತೆ ಅದೇ ಮಕ್ಕಳು.

ಮಲೆನಾಡಿನವರಾದ ನಮಗೆ ಗೋಡೆಯನ್ನು ಅಲಂಕರಿಸುವ ವಿದ್ಯೆಯನ್ನು ಅಂಗಡಿಯಿಂದ ಕಲಿಯಬೇಕಾದ ಪ್ರಮೇಯವೇ ಇಲ್ಲ. ಸಾಗರ, ಸೊರಬ, ಹೊಸನಗರದ ಕಡೆಯ ದೀವರು ಸಮುದಾಯದವರ ಮನೆಗಳಲ್ಲಿ ಮದುವೆಗೆ ಬರೆಯುವ ಹಸೆ ಚಿತ್ತಾರವನ್ನು ಹತ್ತಿರದಿಂದ ನೋಡಿದವರಿಗೆ ನನ್ನ ಮಾತು ಅರ್ಥವಾಗುತ್ತದೆ. ಕೆಮ್ಮಣ್ಣು ಬಳಿದ ಗೋಡೆಯ ಮೇಲೆ, ನೆನೆಸಿದ ಅಕ್ಕಿಯನ್ನು ನುಣ್ಣಗೆ ಅರೆದ ಬಿಳಿ, ಅಕ್ಕಿಯನ್ನು ಕರಿಯಾಗುವವರೆಗೆ ಹುರಿದು ತೆಗೆದ ಕಪ್ಪು, ಗುರಿಗೆ ಕಾಯಿಯ ಹಳದಿ. ಕುಂಚವೆಂದರೆ ಪುಂಡಿನಾರಿನ ಎಳೆಗಳನ್ನು ಜೋಡಿಸಿ ಕಟ್ಟಿದ್ದು. ಸ್ಕೇಲು, ಪೆನ್ಸಿಲ್ ಯಾವುದೂ ಇಲ್ಲದೆ, ಹಾಡು ಹೇಳುತ್ತಲೇ ಹೆಂಗಸರು ಎಳೆಯುವ ಗೆರೆ ಕೊರೆದಿಟ್ಟಷ್ಟು ನೇರ. ತೇರು, ದಂಡಿಗೆ, ಏಣಿ ಎಲ್ಲವೂ ಆ ಗೆರೆಗಳ ಹೆಣಿಗೆಯಿಂದಲೇ ಮೂಡುತ್ತವೆ. ಭೂತಾಯಿಯನ್ನು ಪೂಜಿಸುವ ಭೂಮಿ ಹುಣ್ಣಿಮೆ ಹತ್ತಿರವಾದಾಗ ಬಿದಿರಿನ ಬುಟ್ಟಿಗೆ ಸಗಣಿ ಮತ್ತು ಕೆಮ್ಮಣ್ಣು ಬಳಿದು ಅದರ ಮೇಲೂ ಇದೇ ಬಿಳಿಯಲ್ಲಿ ಬರೆಯುತ್ತಾರೆ. ಈ ಬಣ್ಣಗಳಿಗೆ ಯಾರೂ ಪೇಟೆಗೆ ಹೋದವರಲ್ಲ. ಒಂದು ಮಾತನ್ನು ಮಾತ್ರ ಒತ್ತಿ ಹೇಳಬೇಕು. ಮಕ್ಕಳಿಗೆ ಚಿತ್ತಾರವನ್ನು ಕಲಿಸುವಾಗ ಅದು ಯಾರ ಕೈಯ ವಿದ್ಯೆ ಎಂಬುದನ್ನು ಮೊದಲು ಹೇಳಿ, ಸಾಧ್ಯವಾದರೆ ಊರಿನಲ್ಲಿ ಬರೆಯಲು ಬಲ್ಲ ಹಿರಿಯಳನ್ನು ಶಾಲೆಗೆ ಕರೆಸಿ, ಅವಳಿಗೆ ಕುರ್ಚಿ ಹಾಕಿ ಕೂರಿಸಿ ಅವಳಿಂದಲೇ ಕಲಿಸಬೇಕು. ಹೆಸರು ಹೇಳದೆ ನಕಲು ಮಾಡುವುದು ಆ ಹೆಂಗಸರಿಗೆ ಮಾಡುವ ಅನ್ಯಾಯ.

ನಾವು ಅಜ್ಜಿ ಮೊಮ್ಮಗಳು ಆ ಚೀಟಿಯನ್ನು ಪಕ್ಕಕ್ಕಿಟ್ಟು ಮಾಡಿದ್ದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಮಾಡಿ ನೋಡುವವರಿಗೆ ಉಪಯೋಗವಾದೀತು. ತೋಟದಲ್ಲಿ ಬಿದ್ದಿದ್ದ ಸೋಗೆಯ ಬುಡದಿಂದ ಅಗಲವಾದ ಮೂರು ಅಡಿಕೆ ಹಾಳೆಗಳನ್ನು ಬಿಡಿಸಿಕೊಂಡು ಬಂದೆವು. ಅರ್ಧ ದಿನ ನೀರಿನಲ್ಲಿ ನೆನೆಹಾಕಿ, ತೆಂಗಿನ ನಾರಿನಿಂದ ತಿಕ್ಕಿ ಮಣ್ಣು ಕಳೆದು, ಎರಡು ಹಲಗೆಗಳ ನಡುವೆ ಇಟ್ಟು ಮೇಲೆ ರುಬ್ಬುವ ಗುಂಡುಕಲ್ಲು ಹೇರಿ ಎರಡು ದಿನ ನೆರಳಿನಲ್ಲಿ ಬಿಟ್ಟೆವು. ಬಿಸಿಲಿಗೆ ಹಾಕಿದರೆ ಹಾಳೆ ಮತ್ತೆ ದೋಣಿಯಂತೆ ಸುರುಟಿಕೊಳ್ಳುತ್ತದೆ. ಕತ್ತರಿಸುವ ಕೆಲಸವನ್ನು ಪೂರ್ತಿ ಒಣಗುವ ಮೊದಲೇ ಮುಗಿಸಬೇಕು. ಸ್ವಲ್ಪ ಹಸಿ ಇರುವಾಗ ಕತ್ತರಿಯ ಮಾತು ಕೇಳುವ ಹಾಳೆ, ಗರಿಗರಿಯಾದ ಮೇಲೆ ನಾರಿನ ಗುಂಟ ಸೀಳಿಕೊಂಡು ಹೋಗುತ್ತದೆ. ಒಳಮೈ ನುಣುಪಾಗಿರುವುದರಿಂದ ಬಣ್ಣ ಹಿಡಿಯುವುದಿಲ್ಲ, ಹೊರಮೈಯ ಮೇಲೆಯೇ ಬರೆಯಬೇಕು. ಜರಡಿ ಹಿಡಿದ ಕೆಮ್ಮಣ್ಣನ್ನು ಅನ್ನದ ಗಂಜಿಯಲ್ಲಿ ಕಲಸಿ ಎರಡು ಕೈ ಬಳಿದಾಗ ಒಳ್ಳೆಯ ನೆಲೆ ಸಿಕ್ಕಿತು.

ಬಣ್ಣಕ್ಕೆ ಬಂದರೆ, ಅಡಿಕೆ ಬೇಯಿಸಿದ ಹಂಡೆಯ ತಳದಲ್ಲಿ ಈ ಬಾರಿಯ ಚೊಗರು, ಎಂದರೆ ಅಡಿಕೆ ಬೆಂದ ಒಗರು ನೀರು, ಇನ್ನೂ ಉಳಿದಿತ್ತು. ಹೆಗ್ಗೋಡಿನ ಹತ್ತಿರ ಭೀಮನಕೋಣೆಯ ಚರಕ ಸಂಸ್ಥೆಯಲ್ಲಿ ಇದೇ ಚೊಗರಿನಿಂದ ಕೈಮಗ್ಗದ ಬಟ್ಟೆಗೆ ಬಣ್ಣ ಹಾಕುವುದು ನಮ್ಮ ಕಡೆಯವರಿಗೆ ಗೊತ್ತಿರುವ ವಿಷಯ. ಹಳೆಯ ಪಂಚೆಯ ತುಂಡೊಂದನ್ನು ಅದರಲ್ಲಿ ಅದ್ದಿದಾಗ ಕೆಂಪು ಮಿಶ್ರಿತ ಕಂದು ಬಂತು. ಇನ್ನೊಂದು ಬಟ್ಟಲು ಚೊಗರಿಗೆ ನಾಲ್ಕು ತುಕ್ಕು ಹಿಡಿದ ಮೊಳೆ ಹಾಕಿ ಎರಡು ದಿನ ಇಟ್ಟೆ. ಚೊಗರಿನ ಒಗರಿಗೆ ಕಬ್ಬಿಣ ಸೇರಿದರೆ ಕಪ್ಪಾಗುತ್ತದೆ ಎಂಬುದನ್ನು ಹೇಳಿಕೊಟ್ಟಿದ್ದವಳು ನನ್ನ ಅತ್ತೆ. ಮೂರನೆಯ ಬೆಳಿಗ್ಗೆ ಬಟ್ಟಲು ಶಾಯಿಯಂತೆ ಕರ್ರಗಾಗಿದ್ದುದನ್ನು ನೋಡಿ ಹುಡುಗಿ ಅಂಗಳದಿಂದ ಅಡುಗೆಮನೆಯವರೆಗೆ ಓಡಿ ಎಲ್ಲರನ್ನೂ ಕರೆದುಕೊಂಡು ಬಂದಳು. ಅಂಗಡಿಯ ಬಣ್ಣದ ಟ್ಯೂಬಿನ ಮುಚ್ಚಳ ತಿರುಗಿಸಿದ್ದರೆ ಆ ಓಟ ನನಗೆ ನೋಡಲು ಸಿಗುತ್ತಿರಲಿಲ್ಲ. ಗೋಣಿಚೀಲದ ದಾರ ಬಿಚ್ಚಿ, ದಬ್ಬಳದಿಂದ ಹಾಳೆಗಳ ಅಂಚು ಹೊಲಿದು, ಬಣ್ಣದ ಪಂಚೆಯ ತುಂಡುಗಳನ್ನು ಕೌದಿಗೆ ಹಚ್ಚುವಂತೆ ನಡುವೆ ಹಚ್ಚಿದೆವು. ಖರ್ಚೆಂದು ಬರೆಯಲು ಏನೂ ಇಲ್ಲ.

ಎರಡನೆಯದಾಗಿ ಲಗ್ನಪತ್ರಿಕೆಗಳ ವಿಷಯ. ದೇವರ ಚಿತ್ರವಿರುವ ಪತ್ರಿಕೆಯನ್ನು ಬಚ್ಚಲ ಒಲೆಗೆ ಹಾಕಲು ಯಾರಿಗೂ ಮನಸ್ಸು ಬರುವುದಿಲ್ಲವಾದ್ದರಿಂದ ಪ್ರತಿ ಮನೆಯ ಅಟ್ಟದಲ್ಲೂ ಅವುಗಳ ಕಟ್ಟು ಇದ್ದೇ ಇರುತ್ತದೆ. ದಪ್ಪ ಕಾಗದ, ಒಳ್ಳೆಯ ಅಚ್ಚು, ಅಂಚಿಗೆ ಚಿನ್ನದ ಬಣ್ಣ. ಇವುಗಳನ್ನು ಕಿರುಬೆರಳಿನ ಅಗಲಕ್ಕೆ ಪಟ್ಟಿ ಕೊಯ್ದು ಸುರುಳಿ ಸುತ್ತಿದರೆ ಹೂವು, ಎಲೆ, ನವಿಲಿನ ಗರಿ ಏನು ಬೇಕಾದರೂ ಆಗುತ್ತದೆ. ಗಣಪತಿಯ ಚಿತ್ರಗಳನ್ನು ಜೋಪಾನವಾಗಿ ಬಿಡಿಸಿ ಒಂದೇ ರಟ್ಟಿನ ಮೇಲೆ ಸಾಲಾಗಿ ಅಂಟಿಸಿದರೆ, ಮೂವತ್ತು ಮದುವೆಗಳ ಮೂವತ್ತು ಗಣಪತಿಗಳು ಜಗಲಿಯ ಗೋಡೆಯ ಮೇಲೆ ಗೌರವದಿಂದ ಕೂರುತ್ತಾರೆ. ನಮ್ಮ ಮನೆಗೆ ಬಂದವರೆಲ್ಲ ಅದರ ಮುಂದೆ ನಿಂತು ಇದು ಯಾರ ಮದುವೆಯದು, ಅದು ಯಾರದು ಎಂದು ಕೇಳಿಯೇ ಕೇಳುತ್ತಾರೆ.

ಆದರೆ ನಮ್ಮ ಮಳೆಯನ್ನು ಮರೆತು ಕಾಗದದ ಕೆಲಸಕ್ಕೆ ಕೈಹಾಕಬಾರದು. ಕೆಲವು ವರ್ಷಗಳ ಹಿಂದೆ ನಾನು ಬರಿಯ ಮೈದಾ ಅಂಟಿನಿಂದ ಮಾಡಿದ ದೊಡ್ಡದೊಂದು ಚಿತ್ರವನ್ನು ಮಳೆಹೊಡೆತದ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದ್ದೆ. ಆಷಾಢ ಮುಗಿಯುವಷ್ಟರಲ್ಲಿ ಹಿಂಬದಿಯೆಲ್ಲ ಬೂಷ್ಟು ಹಿಡಿದು, ಅಂಟಿನ ಆಸೆಗೆ ಜಿರಲೆಗಳು ಸೇರಿಕೊಂಡು, ಒಂದು ಬೆಳಿಗ್ಗೆ ನೋಡಿದರೆ ಅರ್ಧ ಚಿತ್ರ ನೆಲದ ಮೇಲಿತ್ತು. ಆ ಮೇಲೆ ಪುಸ್ತಕ ಬೈಂಡಿಂಗ್ ಮಾಡುವವರೊಬ್ಬರು ಉಪಾಯ ಹೇಳಿಕೊಟ್ಟರು. ಮೈದಾ ಕುದಿಸುವಾಗ ಚಿಟಿಕೆಯಷ್ಟು ಮೈಲುತುತ್ತ (ತಾಮ್ರದ ಸಲ್ಫೇಟ್) ಹಾಕಿದರೆ ಹುಳ ಬರುವುದಿಲ್ಲ, ಬೂಷ್ಟೂ ಕಡಿಮೆ. ಕೊಳೆರೋಗಕ್ಕೆ ಮೈಲುತುತ್ತ, ಸುಣ್ಣ ಕಲಸಿದ ಬೋರ್ಡೋ ದ್ರಾವಣ ಹೊಡೆಯುವ ನಮ್ಮ ಅಡಿಕೆ ಬೆಳೆಗಾರರ ಮನೆಗಳಲ್ಲಿ ಮೈಲುತುತ್ತಕ್ಕೆ ಬರವಿಲ್ಲ. ಅದು ವಿಷ, ಆದ್ದರಿಂದ ಈ ಅಂಟನ್ನು ದೊಡ್ಡವರೇ ಕಾಯಿಸಬೇಕು, ಅಡುಗೆಯ ಪಾತ್ರೆಯನ್ನು ಬಳಸಲೇಬಾರದು, ಚಿಕ್ಕ ಮಕ್ಕಳ ಕೈಗೆ ಕೊಡಲೇಬಾರದು. ಚಿಕ್ಕವರಿಗೆ ಅನ್ನದ ಅಗುಳು ಸಾಕು. ಇನ್ನೊಂದು ಉಪಾಯ ನಾನೇ ಕಂಡುಕೊಂಡದ್ದು: ಸವೆದ ಹವಾಯಿ ಚಪ್ಪಲಿಯಿಂದ ನಾಲ್ಕು ಸಣ್ಣ ತುಂಡು ಕೊಯ್ದು ರಟ್ಟಿನ ಹಿಂದೆ ನಾಲ್ಕು ಮೂಲೆಗೆ ಅಂಟಿಸಿದರೆ ಗೋಡೆಗೂ ಚಿತ್ರಕ್ಕೂ ನಡುವೆ ಗಾಳಿಯಾಡುತ್ತದೆ, ಗೋಡೆಯ ಥಂಡಿ ಕಾಗದಕ್ಕೆ ಏರುವುದಿಲ್ಲ.

ಪ್ಲಾಸ್ಟಿಕ್ ಬಾಟಲಿ ಕತ್ತರಿಸಿ ಹೂ ಮಾಡುವುದನ್ನು ನಾನು ಒಪ್ಪುವುದಿಲ್ಲ. ಗುಜರಿಯವರು ತೂಕಕ್ಕೆ ಕೊಂಡೊಯ್ಯುವ ಬಾಟಲಿಗೆ ಬಣ್ಣ ಬಳಿದು ಅಂಟು ಮೆತ್ತಿದ ಮೇಲೆ ಗುಜರಿಯವರೂ ಮುಟ್ಟುವುದಿಲ್ಲ. ಗುಜರಿಗೆ ಹೋಗುವುದು ಗುಜರಿಗೇ ಹೋಗಲಿ. ಹಾಳೆ, ಕರಟ, ಹಳೆಯ ಸೀರೆ, ರಟ್ಟು, ಲಗ್ನಪತ್ರಿಕೆ, ಬಳೆಚೂರು ಇಷ್ಟರಲ್ಲೇ ಒಂದು ಶಾಲೆಯ ಗೋಡೆಗಳೆಲ್ಲ ತುಂಬುತ್ತವೆ. ಬಳೆಚೂರಿನ ಕೆಲಸ ಐದನೆಯ ತರಗತಿಯ ಮೇಲಿನವರಿಗೆ, ಅದೂ ಎದುರಿನಲ್ಲಿ ಕುಳಿತು ಮಾಡಿಸುವಂಥದು. ಚಂಡೀಗಡದಲ್ಲಿ ರಸ್ತೆ ಇನ್‌ಸ್ಪೆಕ್ಟರ್ ಆಗಿದ್ದ ನೇಕ್ ಚಂದ್ ಅವರು ಒಡೆದ ಬಳೆ, ಪಿಂಗಾಣಿ ಚೂರುಗಳನ್ನು ವರ್ಷಗಟ್ಟಲೆ ಆಯ್ದು ತಂದು ಕಟ್ಟಿದ ರಾಕ್ ಗಾರ್ಡನ್ 1976ರಲ್ಲಿ ಸಾರ್ವಜನಿಕರಿಗೆ ತೆರೆದುಕೊಂಡಿತು. ಅದರ ಚಿತ್ರವನ್ನು ಮಕ್ಕಳಿಗೆ ತೋರಿಸಿದಾಗ ಅವರು ಮರುದಿನವೇ ಜೇಬು ತುಂಬ ಬಳೆಚೂರು ತಂದದ್ದು ನನಗೆ ಈಗಲೂ ನೆನಪಿದೆ.

ಪ್ರತಿಭಾ ಕಾರಂಜಿಯ ಜೇಡಿಮಣ್ಣಿನ ಸ್ಪರ್ಧೆಯಲ್ಲಿ ಎಲ್ಲ ಮಕ್ಕಳ ಮುಂದೆಯೂ ಇರುವುದು ಮಣ್ಣೇ, ಅಲ್ಲಿ ಗೆಲ್ಲುವುದು ಕೈ. ‘ಕಸದಿಂದ ರಸ’ಕ್ಕೂ ಅದೇ ನಿಯಮ ಬರಲಿ ಎಂಬುದು ನನ್ನ ಕೋರಿಕೆ. ಕೊಂಡು ತಂದ ಯಾವ ವಸ್ತುವನ್ನೂ ಬಳಸಬಾರದೆಂದು ಮೊದಲೇ ತಿಳಿಸಿ, ತೀರ್ಪುಗಾರರು ಪ್ರತಿ ಮಗುವನ್ನೂ ‘ಇದು ಎಲ್ಲಿಂದ ತಂದದ್ದು, ಹೇಗೆ ಮಾಡಿದೆ?’ ಎಂದು ಎರಡು ನಿಮಿಷ ಮಾತಾಡಿಸಲಿ. ಮನೆಯಲ್ಲಿ ದೊಡ್ಡವರೇ ಮಾಡಿಕೊಟ್ಟದ್ದು ಯಾವುದು ಎಂಬುದೂ ಆಗ ಗೊತ್ತಾಗುತ್ತದೆ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಗಳಲ್ಲಿ ಪಾಲಕರು ಈ ವಿಷಯವನ್ನು ಎತ್ತಬೇಕು. ಮಕ್ಕಳು ಮಾಡಿದ್ದನ್ನು ಒಂದು ದಿನ ಶಾಲೆಯಲ್ಲಿಟ್ಟು ಮೂಟೆ ಕಟ್ಟುವ ಬದಲು ಗ್ರಾಮ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರದ ಗೋಡೆಗಳಲ್ಲಿ ತೂಗುಹಾಕಿದರೆ ಊರಿನವರೆಲ್ಲ ನೋಡುತ್ತಾರೆ.

ನನ್ನ ಮೊಮ್ಮಗಳ ಹಾಳೆಯ ಚಿತ್ತಾರಕ್ಕೆ ಬಹುಮಾನ ಬರಲಿಲ್ಲ, ಥರ್ಮಾಕೋಲಿನ ತಾಜಮಹಲಿಗೆ ಬಂತು. ಅವಳು ಒಂದು ದಿನ ಅತ್ತಳು. ಮರುದಿನ ಅದನ್ನು ನಮ್ಮ ಪಡಸಾಲೆಯ ಕಂಬಕ್ಕೆ ತಾನೇ ಕಟ್ಟಿದಳು.

ಮುಂದಿನ ವರ್ಷಕ್ಕೆ ಶಾಲೆಗಳು ಮನಸ್ಸು ಮಾಡುವುದಾದರೆ ಈಗಲೇ ಹೇಳಬೇಕು. ಒಳ್ಳೆಯ ಹಾಳೆ ಸಿಗುವುದು ಬೇಸಿಗೆಯಲ್ಲಿ, ಒಂದು ಮಳೆ ಬಿದ್ದು ನೆನೆದರೆ ಅದಕ್ಕೆ ಕಪ್ಪು ಕಲೆ ಹತ್ತುತ್ತದೆ. ಪರೀಕ್ಷೆ ಮುಗಿದು ರಜೆ ಬಿಡುವ ದಿನ, ಮನೆಗೆ ಹೋಗುವ ಮಕ್ಕಳಿಗೆ ತಲಾ ನಾಲ್ಕು ಹಾಳೆ ಆಯ್ದು ಒಣಗಿಸಿ ಅಟ್ಟದ ಮೇಲಿಡಲು ಹೇಳಿ ಕಳಿಸಿದರೆ ಸಾಕು. ಜೂನ್‌ನಲ್ಲಿ ಶಾಲೆ ಬಾಗಿಲು ತೆರೆದಾಗ ಹಾಳೆ ಬಿಡಿಸಿ, ಒತ್ತಿ, ಚೊಗರು ಹಚ್ಚುವುದನ್ನು ಹೇಳಿಕೊಡಲು ಸುತ್ತಲಿನ ಯಾವ ಶಾಲೆ ಕರೆದರೂ ನಾನು ನನ್ನದೇ ದಬ್ಬಳ, ದಾರ ಹಿಡಿದುಕೊಂಡು ಬರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಶಿಕ್ಷಕಿ,
ಸಾಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ