ತರಬೇತಿಗೆ ಸೇರಬಯಸುವ ವೈದ್ಯಾಧಿಕಾರಿಗಳ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ನಿಮ್ಹಾನ್ಸ್ ಡಿಜಿಟಲ್ ಅಕಾಡೆಮಿಯ ಸಮುದಾಯ ಮಾನಸಿಕ ಆರೋಗ್ಯ ಡಿಪ್ಲೊಮಾದ ಬಗ್ಗೆ ಗುಂಪಿನಲ್ಲಿ ಹಲವರು ಕೇಳುತ್ತಿದ್ದೀರಿ. ವೈದ್ಯರು, ಮನಶ್ಶಾಸ್ತ್ರಜ್ಞರು, ಸಮಾಜ ಕಾರ್ಯಕರ್ತರು, ಶುಶ್ರೂಷಕರು ಎಲ್ಲರಿಗೂ ಅಲ್ಲಿ ಅವಕಾಶವಿದೆ. ಶುಲ್ಕ ಮತ್ತು ಕೊನೆಯ ದಿನಾಂಕವನ್ನು ಅಕಾಡೆಮಿಯ ಜಾಲತಾಣದಲ್ಲೇ ನೋಡಿ. ಇಲ್ಲಿ ಹರಿದಾಡುವ ಹಳೆಯ ಪ್ರಕಟಣೆಗಳನ್ನು ನಂಬಬೇಡಿ.

ನನ್ನ ಮಟ್ಟಿಗೆ ಪ್ರಮಾಣಪತ್ರಕ್ಕಿಂತ ಪ್ರಕರಣ ಚರ್ಚೆಯೇ ದೊಡ್ಡ ಲಾಭ. ಇದರ ಹಿಂದಿರುವುದು ‘ಎಕೋ’ ವಿಧಾನ. 2003ರಲ್ಲಿ ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ ಡಾ. ಸಂಜೀವ್ ಅರೋರಾ ಹೆಪಟೈಟಿಸ್ ಸಿ ಚಿಕಿತ್ಸೆಗಾಗಿ ಇದನ್ನು ಆರಂಭಿಸಿದರು. ಹಳ್ಳಿಯ ವೈದ್ಯರು ವಿಡಿಯೊ ಕರೆಯಲ್ಲಿ ತಮ್ಮ ರೋಗಿಯ ಸ್ಥಿತಿ ವಿವರಿಸುತ್ತಾರೆ, ತಜ್ಞರು ದಾರಿ ತೋರಿಸುತ್ತಾರೆ, ಉಳಿದವರು ಕೇಳಿ ಕಲಿಯುತ್ತಾರೆ. ಚಿಕಿತ್ಸೆ ಊರಿನ ವೈದ್ಯರ ಕೈಯಲ್ಲೇ ಉಳಿಯುತ್ತದೆ. ಅಲ್ಲಿನ ಗ್ರಾಮೀಣ ವೈದ್ಯರ ಚಿಕಿತ್ಸೆಯ ಫಲಿತಾಂಶ ವಿಶ್ವವಿದ್ಯಾಲಯದ ಚಿಕಿತ್ಸಾಲಯದ್ದಕ್ಕೆ ಸರಿಸಮನಾಗಿತ್ತು ಎಂದು 2011ರ ಅಧ್ಯಯನ ತೋರಿಸಿತು. ಖಿನ್ನತೆ, ಮದ್ಯವ್ಯಸನದ ರೋಗಿಗಳನ್ನು ಜಿಲ್ಲಾಸ್ಪತ್ರೆಗೆ ಬರೆದುಕೊಟ್ಟು ಕೈತೊಳೆದುಕೊಳ್ಳುವ ನಮ್ಮ ಅಭ್ಯಾಸಕ್ಕೆ ಇದು ಒಳ್ಳೆಯ ಮದ್ದು. ಬಸ್ ಖರ್ಚಿಗೆ ಹೆದರಿ ಅಲ್ಲಿಗೆ ಹೋಗದೆ ಉಳಿಯುವವರೇ ಹೆಚ್ಚು.

ಆಸಕ್ತರು ಹೆಸರು, ತಾಲ್ಲೂಕು, ಬಿಡುವಿನ ವೇಳೆಯನ್ನು ಶನಿವಾರದೊಳಗೆ ಬರೆದು ಕಳುಹಿಸಿ. ಹೆಬ್ಬೆರಳಿನ ಚಿತ್ರ ಹಾಕಿದರೆ ಒಪ್ಪಿಗೆ ಎಂದು ಎಣಿಸುವುದಿಲ್ಲ! ರೋಗಿಗಳ ಹೆಸರು, ಊರು, ಭಾವಚಿತ್ರ ಮಾತ್ರ ಯಾವ ಕಾರಣಕ್ಕೂ ಇಲ್ಲಿ ಬೇಡ. ಶುಶ್ರೂಷಕಿಯರು ಈ ಗುಂಪಿನಲ್ಲಿಲ್ಲ, ಆದ್ದರಿಂದ ನಿಮ್ಮ ಕೇಂದ್ರದವರಿಗೂ ವಿಷಯ ತಿಳಿಸಿ.