ಅಪ್ಪನ ಮಾತ್ರೆ ನಿಲ್ಲಿಸಬೇಡಿ

ಅಕ್ಕ,

ನಾವೆಲ್ಲ ಚೆನ್ನಾಗಿದ್ದೇವೆ. ಬೇರೆ ಸುದ್ದಿ ಆಮೇಲೆ. "ಇಷ್ಟು ದಿನ ನುಂಗಿದರೂ ಕೆಮ್ಮು ಹಾಗೇ ಇದೆ, ಊಟ ಬೇರೆ ಸೇರುತ್ತಿಲ್ಲ, ಈ ಮಾತ್ರೆ ಯಾಕೆ ಬೇಕು" ಅಂತ ಅಪ್ಪ ಹಟ ಹಿಡಿದಿದ್ದಾರಲ್ಲ, ಇದನ್ನು ಅವರಿಗೆ ಓದಿ ಹೇಳು.

ಅಪ್ಪನದು ಐಪಿಎಫ್, ಅಂದರೆ ಕಾರಣ ಗೊತ್ತಿಲ್ಲದೆ ಶ್ವಾಸಕೋಶದಲ್ಲಿ ಗಾಯದ ಕಲೆ ಬೆಳೆಯುವ ಕಾಯಿಲೆ. ಅದಕ್ಕೆ ಅವರು ನುಂಗುತ್ತಿರುವ ಪಿರ್ಫೆನಿಡೋನ್ ಆಗಲೇ ಆಗಿರುವ ಕಲೆಯನ್ನು ಅಳಿಸುವುದಿಲ್ಲ. ಗಾಯ ಮಾಯಿಸಿ ಸುಮ್ಮನಾಗಬೇಕಿದ್ದ ಫೈಬ್ರೋಬ್ಲಾಸ್ಟ್ ಕೋಶಗಳಿಗೆ ಟಿಜಿಎಫ್-ಬೀಟಾದಂಥ ಸಂಕೇತಗಳು ಬರುತ್ತಲೇ ಇರುತ್ತವೆ, ಆ ಕೋಶಗಳು ಕಲೆ ಕಟ್ಟುವ ಕೊಲಾಜೆನ್ ಎಂಬ ನಾರಿನಂಥ ಪ್ರೋಟೀನ್ ಸುರಿಯುತ್ತಲೇ ಇರುತ್ತವೆ. ಆ ವೇಗವನ್ನು ತಗ್ಗಿಸುವುದಷ್ಟೇ ಮಾತ್ರೆಯ ಕೆಲಸ. ಇದೇ ಕಾಯಿಲೆಗೆ ಕೊಡುವ ಇನ್ನೊಂದು ಔಷಧ ನಿಂಟೆಡಾನಿಬ್. 2014ರಲ್ಲಿ ಪ್ರಕಟವಾದ ಅದರ ಒಂದು ಪರೀಕ್ಷೆಯಲ್ಲಿ, ಹುಸಿ ಮಾತ್ರೆ ನುಂಗಿದವರ ಎಫ್‌ವಿಸಿ (ಪೂರ್ತಿ ಉಸಿರೆಳೆದು ಜೋರಾಗಿ ಊದಿದಾಗ ಹೊರಬರುವ ಗಾಳಿ) ವರ್ಷಕ್ಕೆ ಸುಮಾರು 240 ಮಿ.ಲೀ. ಇಳಿದರೆ, ಔಷಧ ನುಂಗಿದವರದು 115 ಇಳಿಯಿತು. ಇಬ್ಬರದೂ ಇಳಿಯಿತು, ನೋಡು! ಅದಕ್ಕೇ ಫಲ ಹುಡುಕಬೇಕಾದ್ದು ಈ ಗಾಳಿಯನ್ನು ಅಳೆಯುವ ಸ್ಪೈರೋಮೆಟ್ರಿ ಪರೀಕ್ಷೆಯ ವರದಿಯಲ್ಲಿ, ಕೆಮ್ಮಿನಲ್ಲಲ್ಲ.

ವಾಕರಿಕೆಗೆ ದಾರಿಯಿದೆ. ಊಟ ಮಾಡುತ್ತಿರುವಾಗಲೇ ನುಂಗಲಿ, ಬರಿಹೊಟ್ಟೆಯಲ್ಲಿ ಬೇಡವೇ ಬೇಡ. 267 ಮಿ.ಗ್ರಾಂ ಮಾತ್ರೆಯಾದರೆ ಮೊದಲ ವಾರ ದಿನಕ್ಕೆ ಮೂರು ಹೊತ್ತು ಒಂದೊಂದು, ಎರಡನೇ ವಾರ ಎರಡೆರಡು, ಆಮೇಲೆ ಮೂರುಮೂರು. ಅಂದರೆ ದಿನಕ್ಕೆ 2403 ಮಿ.ಗ್ರಾಂ. ನಿಮ್ಮ ಡಬ್ಬಿಯ ಮೇಲೆ ಬೇರೆ ಅಳತೆ ಇದ್ದರೆ ಡಾಕ್ಟರ್ ಬರೆದ ಲೆಕ್ಕವೇ ಸರಿ. ವಾಕರಿಕೆ ತಡೆಯಲಾಗದಿದ್ದರೆ ಅವರೇ ಪ್ರಮಾಣ ಇಳಿಸುತ್ತಾರೆ. ಅಪ್ಪ ತಾವಾಗಿ ನಿಲ್ಲಿಸುವುದು ಬೇಡ. 14 ದಿನ ಅಥವಾ ಹೆಚ್ಚು ಬಿಟ್ಟರೆ ಮತ್ತೆ ಒಂದೊಂದರಿಂದಲೇ ಏರಿಸಬೇಕಾಗುತ್ತದೆ.

ಬಿಸಿಲಿಗೆ ಹೋದರೆ ಚರ್ಮ ಕೆಂಪಾಗಿ ಉರಿಯುತ್ತದೆ. ತುಂಬುತೋಳಿನ ಅಂಗಿ, ಟೋಪಿ, ಸನ್‌ಸ್ಕ್ರೀನ್ ಇರಲಿ. ಕದ್ದು ಸಿಗರೇಟು ಸೇದಿದರೆ ಯಕೃತ್ತು ಔಷಧವನ್ನು ಬೇಗ ಒಡೆದುಹಾಕುತ್ತದೆ, ನುಂಗಿದ್ದು ಅರ್ಧ ದಂಡ. ಸಿಪ್ರೊಫ್ಲಾಕ್ಸಾಸಿನ್ ಎಂಬ ಆ್ಯಂಟಿಬಯೋಟಿಕ್ ಉಲ್ಟಾ, ರಕ್ತದಲ್ಲಿ ಇದರ ಮಟ್ಟ ಏರಿಸುತ್ತದೆ. ಜ್ವರಕ್ಕೆ ಯಾರೇ ಮಾತ್ರೆ ಬರೆದರೂ ಪಿರ್ಫೆನಿಡೋನ್ ನುಂಗುತ್ತಿರುವುದನ್ನು ಮೊದಲು ಹೇಳಿ. ಯಕೃತ್ತಿನ ರಕ್ತಪರೀಕ್ಷೆ ಮೊದಲ ಆರು ತಿಂಗಳು ಪ್ರತಿ ತಿಂಗಳು, ಆಮೇಲೆ ಮೂರು ತಿಂಗಳಿಗೊಮ್ಮೆ. ಕಣ್ಣು ಹಳದಿಯಾದರೆ, ಮೂತ್ರ ಕಡುಬಣ್ಣಕ್ಕೆ ತಿರುಗಿದರೆ ಅದೇ ದಿನ ಆಸ್ಪತ್ರೆಗೆ.

ಚಿಕ್ಕಪ್ಪ ಹೇಳಿದ ಸ್ಟೀರಾಯ್ಡ್ ಬೇಡ. ಅಪ್ಪನದು ಐಪಿಎಫ್. ಈ ಕಾಯಿಲೆಗೆ ಪ್ರೆಡ್ನಿಸೋನ್ ಎಂಬ ಸ್ಟೀರಾಯ್ಡ್, ಅಜಾಥಯೋಪ್ರಿನ್, ಎನ್‌ಎಸಿ ಮೂರನ್ನೂ ಸೇರಿಸಿ ಕೊಟ್ಟ ಪರೀಕ್ಷೆಯ ಫಲಿತಾಂಶ 2012ರಲ್ಲಿ ಬಂತು; ಔಷಧ ಪಡೆದವರಲ್ಲೇ ಸಾವು ಹೆಚ್ಚಿತ್ತು. ಬೇರೆ ಬಗೆಯ ಶ್ವಾಸಕೋಶದ ಕಲೆಗೆ, ಅಂದರೆ ಫೈಬ್ರೋಸಿಸ್‌ಗೆ ಸ್ಟೀರಾಯ್ಡ್ ಕೆಲಸಕ್ಕೆ ಬರಬಹುದು, ಅದು ಬೇರೆ ಮಾತು.

"ಅಲ್ಲಿಂದ ಒಳ್ಳೆ ಔಷಧ ಕಳಿಸು" ಅಂದಿದ್ದೀಯ. ಕಲೆ ಕರಗಿಸುವಂಥದ್ದು ಇಲ್ಲೂ ಇಲ್ಲ ಕಣೆ. ಹೊಸ ಔಷಧಗಳನ್ನು ಪರೀಕ್ಷಿಸಲು ಇಲಿಗೆ ಬ್ಲಿಯೊಮೈಸಿನ್ ಎಂಬ ರಾಸಾಯನಿಕ ಕೊಟ್ಟು ಕಲೆ ಬರಿಸುತ್ತಾರೆ, ಆದರೆ ಇಲಿಯ ಶ್ವಾಸಕೋಶ ಕೆಲವು ವಾರಗಳಲ್ಲಿ ಬಹುಮಟ್ಟಿಗೆ ತಾನಾಗಿಯೇ ಸುಧಾರಿಸಿಕೊಳ್ಳುತ್ತದೆ! ಮೊದಲ ವಾರದಲ್ಲೇ ಕೊಟ್ಟ ಔಷಧ ಉರಿಯೂತ ತಗ್ಗಿಸಿ ಗೆದ್ದಂತೆ ಕಾಣುತ್ತದೆ, ಮನುಷ್ಯರಲ್ಲಿ ಸೋಲುತ್ತದೆ. ಅದಕ್ಕೇ ಇಲ್ಲಿನ ಪ್ರಯೋಗಾಲಯಗಳಲ್ಲಿ ಆಪರೇಷನ್‌ನಲ್ಲಿ ತೆಗೆದ ಮನುಷ್ಯರ ಶ್ವಾಸಕೋಶವನ್ನೇ ಅರ್ಧ ಮಿಲಿಮೀಟರ್ ದಪ್ಪಕ್ಕೆ ಹೆಚ್ಚಿ, ತಟ್ಟೆಯಲ್ಲಿ ದಿನಗಟ್ಟಲೆ ಜೀವಂತ ಇಟ್ಟು ಔಷಧ ಹಾಕಿ ನೋಡುತ್ತಾರೆ. ನಗಬೇಡ, ಇಲಿಗಿಂತ ಇದನ್ನೇ ನಂಬಬಹುದು.

ಅಮ್ಮನಿಗೆ ಧೈರ್ಯ ಹೇಳು. ಹೊಸ ಸ್ಪೈರೋಮೆಟ್ರಿ ವರದಿಯ ಫೋಟೋ ಕಳಿಸು, ಹಳೆಯದೂ ಇರಲಿ. ಹೊತ್ತಾಯಿತು, ಬರುತ್ತೇನೆ.

ನಿನ್ನ ತಮ್ಮ